ಲಿಬರ್ಟಿಯ ಕಾಲಲ್ಲಿ ಸರಪಳಿ, ಫ್ರೀಡಮ್ಮಿನ ತಲೆಯಲ್ಲಿ ಹದ್ದು

ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಗುಮ್ಮಟದ ತುದಿಯಲ್ಲಿ ಕಂಚಿನ ಹೆಣ್ಣೊಬ್ಬಳು ನಿಂತಿದ್ದಾಳೆ. ಹೆಸರು ಫ್ರೀಡಂ, ಎತ್ತರ 19.5 ಅಡಿ. ಅಷ್ಟು ಎತ್ತರದಲ್ಲಿರುವುದರಿಂದ ಅವಳು ತಲೆಗೇನು ಹಾಕಿಕೊಂಡಿದ್ದಾಳೆಂದು ಕೆಳಗೆ ನಿಂತವರಿಗೆ ಸರಿಯಾಗಿ ಕಾಣಿಸುವುದಿಲ್ಲ. ಅದು ಹದ್ದಿನ ಮುಖವಿರುವ, ಮೇಲೆ ಗರಿಗಳ ಕುಚ್ಚಿರುವ ಒಂದು ಶಿರಸ್ತ್ರಾಣ. ಆ ಜಾಗದಲ್ಲಿ ಮೆತ್ತನೆಯ ಒಂದು ಟೋಪಿ ಇರಬೇಕಾಗಿತ್ತು.

ಮೂರ್ತಿಯ ಮಾದರಿ ಮಾಡಿದವನು ರೋಮಿನಲ್ಲಿ ನೆಲೆಸಿದ್ದ ಅಮೆರಿಕದ ಶಿಲ್ಪಿ ಥಾಮಸ್ ಕ್ರಾಫರ್ಡ್. 1855ರ ಸುಮಾರಿಗೆ ತನ್ನ ನಕ್ಷೆ ತಿದ್ದುತ್ತ ಅವನು ಅವಳಿಗೆ ರೋಮನ್ನರ ಪಿಲಿಯಸ್ ಟೋಪಿ ತೊಡಿಸಿದ್ದ. ಹಳೆಯ ರೋಮಿನಲ್ಲಿ ಒಡೆಯನಿಂದ ಬಿಡುಗಡೆ ಪಡೆದ ಗುಲಾಮ ತಲೆ ಬೋಳಿಸಿಕೊಂಡು ಈ ಟೋಪಿ ಹಾಕಿಕೊಳ್ಳುತ್ತಿದ್ದ. ಸೀಸರನನ್ನು ಕೊಂದ ಮೇಲೆ ಬ್ರೂಟಸ್ ಹೊರಡಿಸಿದ ನಾಣ್ಯದಲ್ಲೂ ಎರಡು ಕಠಾರಿಗಳ ನಡುವೆ ಇದೇ ಟೋಪಿಯಿದೆ: ರೋಮ್ ಒಬ್ಬನ ಆಳಾಗುವುದನ್ನು ತಪ್ಪಿಸಿದೆವು ಎಂಬ ಸಾರುವಿಕೆ. ಆದರೆ ಕ್ರಾಫರ್ಡನ ನಕ್ಷೆಗೆ ಒಪ್ಪಿಗೆ ಕೊಡಬೇಕಾಗಿದ್ದವನು ಅಂದಿನ ಯುದ್ಧಮಂತ್ರಿ ಜೆಫರ್ಸನ್ ಡೇವಿಸ್. ಮಿಸಿಸಿಪ್ಪಿಯಲ್ಲಿ ಹತ್ತಿ ತೋಟವಿದ್ದವನು, ತೋಟದ ತುಂಬ ಗುಲಾಮರಿದ್ದವನು. ಕೆಲವೇ ವರ್ಷಗಳಲ್ಲಿ ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಅಧ್ಯಕ್ಷನಾದವನು. ಟೋಪಿ ಬೇಡವೆಂದ. ನಾವು ಹುಟ್ಟಿನಿಂದಲೇ ಸ್ವತಂತ್ರರು, ಯಾರಿಗೂ ಗುಲಾಮರಾಗತಕ್ಕವರಲ್ಲ. ಬಿಡುಗಡೆಯಾದ ಆಳುಗಳ ಗುರುತು ನಮಗೇಕೆ, ಎಂಬುದು ಅವನ ವಾದದ ಸಾರ. ಕ್ರಾಫರ್ಡ್ ಜಗಳಕ್ಕೆ ಹೋಗಲಿಲ್ಲ. ಟೋಪಿ ತೆಗೆದು ಹದ್ದನ್ನು ಕೂರಿಸಿದ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ರೋಮಿನಿಂದ ಬಂದ ಗಾರೆಯ ಮಾದರಿಯನ್ನು ಜೋಡಿಸಿದ್ದ ಕುಶಲಕರ್ಮಿ, ಎರಕಕ್ಕೆ ಒಯ್ಯಲು ಅದನ್ನು ಬಿಚ್ಚಿಕೊಡಿ ಎಂದಾಗ ಹೆಚ್ಚು ದುಡ್ಡು ಕೇಳಿ ಕೂತ. ಬೆಸುಗೆಗಳು ಎಲ್ಲಿವೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೂರ್ತಿಯ ತಲೆಯ ಮೇಲಿನ ಕಬ್ಬಿಣದ ಉಂಗುರಕ್ಕೆ ರಾಟೆಯ ಹಗ್ಗ ಕಟ್ಟಿ ಮೆಲ್ಲಗೆ ಮೇಲೆಳೆದು, ಎಲ್ಲೆಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆಂದು ನೋಡಿ ಕೀಲು ಪತ್ತೆಹಚ್ಚಿದವನು ಎರಕದ ಮನೆಯ ಆಳು ಫಿಲಿಪ್ ರೀಡ್. ಅವನು ಗುಲಾಮ. ಎರಕದ ಕೆಲಸದಲ್ಲಿ ಕುಲುಮೆಯ ಬೆಂಕಿ ಆರದಂತೆ ನೋಡಿಕೊಂಡದ್ದೂ ಅವನೇ. ವಾರದ ಆರು ದಿನದ ಕೂಲಿ ಒಡೆಯನಿಗೆ; ಭಾನುವಾರದ್ದು ಮಾತ್ರ ಅವನ ಕೈಗೆ. ದಿನಕ್ಕೆ ಒಂದೂಕಾಲು ಡಾಲರಿನಂತೆ 33 ಭಾನುವಾರಗಳಿಗೆ 41 ಡಾಲರ್ 25 ಸೆಂಟ್ ಸಂದಾಯವಾದ ಲೆಕ್ಕ ಸರ್ಕಾರದ ದಾಖಲೆಯಲ್ಲಿದೆ. 1862ರ ಏಪ್ರಿಲಿನಲ್ಲಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡಿಸುವ ಕಾಯ್ದೆ ಬಂದಾಗ ರೀಡ್ ಬಿಡುಗಡೆಯಾದ. ಅದಕ್ಕೆ ಪರಿಹಾರ ಪಡೆದವನು ಒಡೆಯ! 1863ರ ಡಿಸೆಂಬರ್ 2ರಂದು ಫ್ರೀಡಂ ಗುಮ್ಮಟವೇರಿದಳು. ಅವಳ ತಲೆಯಲ್ಲಿ ಇಲ್ಲದ ಟೋಪಿಗೆ ನಿಜವಾದ ಹಕ್ಕುದಾರ ಕೆಳಗೆ ಅದೇ ಊರಿನಲ್ಲಿದ್ದ.

ಇನ್ನೊಬ್ಬಳು ನ್ಯೂಯಾರ್ಕಿನ ಬಂದರಿನಲ್ಲಿದ್ದಾಳೆ. ಅವಳು ಲಿಬರ್ಟಿ. ಫ್ರಾನ್ಸ್ ಕೊಟ್ಟ ಉಡುಗೊರೆ, 1886ರ ಅಕ್ಟೋಬರ್ 28ಕ್ಕೆ ಅನಾವರಣ. ಇಂಥದೊಂದು ಸ್ಮಾರಕದ ಆಲೋಚನೆ ಕೊಟ್ಟ ಲಬೂಲೆ ಫ್ರಾನ್ಸಿನ ಗುಲಾಮಗಿರಿ ವಿರೋಧಿ ಚಳವಳಿಯ ಮುಂದಾಳು. ಶಿಲ್ಪಿ ಬಾರ್ತೋಲ್ಡಿ ಮೊದಮೊದಲ ಮಾದರಿಯಲ್ಲಿ ಅವಳ ಎಡಗೈಗೆ ತುಂಡಾದ ಸರಪಳಿ ಕೊಟ್ಟಿದ್ದ. ಆಮೇಲೆ ಆ ಕೈಗೆ 1776ರ ತಾರೀಖು ಕೆತ್ತಿದ ಫಲಕ ಬಂತು. ಸರಪಳಿ ಪಾದದ ಬಳಿಗೆ ಇಳಿಯಿತು. ಇಂದಿಗೂ ಅದು ಅಲ್ಲೇ ಇದೆ, ಸೆರಗಿನ ನೆರಿಗೆಯ ಅಡಿಯಲ್ಲಿ. ದೋಣಿಯಲ್ಲಿ ಹೋದವರ ಫೋಟೋದಲ್ಲಿ ದೀವಟಿಗೆ ಬರುತ್ತದೆ, ಕಿರೀಟ ಬರುತ್ತದೆ. ಸರಪಳಿ ಬರುವುದಿಲ್ಲ.

ಒಂದೇ ದೇಶದಲ್ಲಿ ಮೂವತ್ತು ವರ್ಷದೊಳಗೆ ಈ ಎರಡು ನಾಮಪದಗಳಿಗೆ ಎರಡು ವಿಗ್ರಹ ನಿಂತವು. ನಿಘಂಟು ತೆಗೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತಾರೆ. ತತ್ತ್ವಶಾಸ್ತ್ರದವರೂ ತುಂಬ ತಲೆ ಕೆಡಿಸಿಕೊಂಡಿಲ್ಲ; ಐಸೇಯಾ ಬರ್ಲಿನ್ 1958ರ ತನ್ನ ಹೆಸರಾಂತ ಉಪನ್ಯಾಸದಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇನೆಂದು ಹೇಳಿಯೇ ಮುಂದೆ ಹೋದ. ವಿಗ್ರಹಗಳು ಮಾತ್ರ ಬೇರೆಯದನ್ನು ಹೇಳುತ್ತಿವೆ ಎಂದು ನನಗೆ ತೋರುತ್ತದೆ. ಲಿಬರ್ಟಿಗೆ ಸರಪಳಿಯ ನೆನಪಿದೆ. ಫ್ರೀಡಮ್ಮಿಗೆ ಆ ನೆನಪು ಇರಕೂಡದೆಂದು ಒಬ್ಬ ಮಂತ್ರಿ ಅಪ್ಪಣೆ ಮಾಡಿದ. ಬಿಡಿಸಿಕೊಂಡದ್ದು ಒಂದು, ಹುಟ್ಟಿನಿಂದಲೇ ತನ್ನದೆಂದು ಹೇಳಿಕೊಳ್ಳುವುದು ಇನ್ನೊಂದು.

ಇಂಗ್ಲಿಷಿಗೆ ಹೀಗೆ ಎರಡೆರಡು ಪದ ಇರಲು ಕಾರಣ 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು. ಊರವರ ಬಾಯಲ್ಲಿ ಫ್ರೀಡಂ ಇತ್ತು; ಗೆದ್ದವರ ಕಚೇರಿ, ಕೋರ್ಟು, ಮಠಗಳ ಲ್ಯಾಟಿನ್ ಮತ್ತು ಫ್ರೆಂಚಿನಿಂದ ಲಿಬರ್ಟಿ ಬಂತು. ಜರ್ಮನ್ನರು ಒಂದರಲ್ಲೇ ಸುಧಾರಿಸುತ್ತಾರೆ, ಫ್ರೆಂಚರೂ ಅಷ್ಟೆ. ಇಂಗ್ಲಿಷಿನಲ್ಲಿ ಮಾತ್ರ ಎರಡೂ ಉಳಿದು, ಒಂದು ಮನೆಯ ಮಾತಾಗಿ ಇನ್ನೊಂದು ಕಾಗದದ ಮಾತಾಗಿ ಬೆಳೆದವು.

ಬೇರಿಗೆ ಹೋದರೆ ಕುತೂಹಲ ಹೆಚ್ಚುತ್ತದೆ. ‘ಫ್ರೀ’ ಎಂಬುದು ನಮ್ಮ ‘ಪ್ರಿಯ’ದ ದಾಯಾದಿ, ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ‘ಫ್ರೆಂಡ್’ ಕೂಡ ಅದೇ ಮನೆಯದು. ಪ್ರಿಯರಾದವರು ಎಂಬ ಅರ್ಥ ಬಂಧವಿಲ್ಲದವರು ಎಂದು ಹೇಗೆ ತಿರುಗಿತು? ಭಾಷಾಶಾಸ್ತ್ರಜ್ಞರ ಊಹೆ ಹೀಗೆ: ಮನೆಯಲ್ಲಿ ಎರಡು ಬಗೆಯ ಜನ. ಯಜಮಾನನ ಸ್ವಂತದವರು, ಅಂದರೆ ಅವನಿಗೆ ಬೇಕಾದವರು, ಉಳಿದವರು ಆಳುಗಳು. ಸ್ವಂತದವರು ಆಳಲ್ಲ, ಆದ್ದರಿಂದ ಸ್ವತಂತ್ರರು. ಲ್ಯಾಟಿನ್ನಿನಲ್ಲೂ ಇದೇ ಮನೆ ಕಾಣುತ್ತದೆ. ಅಲ್ಲಿ ‘ಲಿಬೆರ್’ ಎಂದರೆ ಆಳಲ್ಲದವನು, ಅದರ ಬಹುವಚನ ‘ಲಿಬೆರಿ’ ಎಂದರೆ ಮಕ್ಕಳು. ಒಂದೇ ಸೂರಿನ ಕೆಳಗೆ ಒಟ್ಟಿಗೆ ಬೆಳೆಯುವ ಹುಡುಗರಲ್ಲಿ ಯಾರು ಮಗ, ಯಾರು ಆಳಿನ ಮಗ ಎಂದು ವಿಂಗಡಿಸಲು ಬೇಕಾದ ಮಾತು ಅದು. ಎರಡು ಪದಗಳೂ ಹುಟ್ಟಿದ್ದು ಗುಲಾಮರಿದ್ದ ಮನೆಯ ಪಡಸಾಲೆಯಲ್ಲಿ. ಡೇವಿಸ್ ಎಷ್ಟೇ ಟೋಪಿ ತೆಗೆಸಿದರೂ ಫ್ರೀಡಂ ಎಂಬ ಪದದೊಳಗೇ ಆಳು ಕೂತಿದ್ದಾನೆ.

ದಿನಬಳಕೆಯಲ್ಲಿ ಇವುಗಳ ಹಾದಿ ಬೇರೆಬೇರೆ. ಹಸಿವಿನಿಂದ ಮುಕ್ತಿ, ಭಯದಿಂದ ಮುಕ್ತಿ ಎನ್ನಬೇಕಾದಾಗ ಇಂಗ್ಲಿಷಿನವರು ಫ್ರೀಡಂ ಎನ್ನುತ್ತಾರೆಯೇ ಹೊರತು ಲಿಬರ್ಟಿ ಎನ್ನುವುದಿಲ್ಲ. 1941ರ ಜನವರಿಯಲ್ಲಿ ರೂಸ್‌ವೆಲ್ಟ್ ನಾಲ್ಕು ಫ್ರೀಡಮ್ಮುಗಳನ್ನು ಎಣಿಸಿದಾಗ ಅದರಲ್ಲಿ ಎರಡು ಈ ಬಗೆಯವು: ಕೊರತೆಯಿಂದ, ಭಯದಿಂದ. ಲಿಬರ್ಟಿಯ ನಡೆ ಇನ್ನೊಂದು ತರಹ. ಅಮೆರಿಕದ ನೌಕಾಪಡೆಯಲ್ಲಿ ನಾವಿಕನಿಗೆ ದಡದ ಮೇಲೆ ತಿರುಗಾಡಿ ಬರಲು ಕೊಡುವ ಚಿಕ್ಕ ರಜೆಗೆ ಲಿಬರ್ಟಿ ಎಂದೇ ಹೆಸರು; ಹೊತ್ತಿಗೆ ಸರಿಯಾಗಿ ಹಡಗಿಗೆ ಮರಳಬೇಕು. ‘ಹೇಳಲು ನನಗೆ ಲಿಬರ್ಟಿ ಇಲ್ಲ’ ಎಂದು ಅಧಿಕಾರಿ ಹೇಳಿದರೆ ಮೇಲಿನವರು ಬಿಟ್ಟಿಲ್ಲ ಎಂದರ್ಥ. ಒಬ್ಬರ ಜೊತೆ ಲಿಬರ್ಟಿ ತೆಗೆದುಕೊಳ್ಳುವುದೆಂದರೆ ನಮ್ಮ ಕಡೆ ಅತಿ ಸಲಿಗೆ ಎನ್ನುತ್ತೇವಲ್ಲ, ಅದು. ಕೊಟ್ಟದ್ದು, ಬಿಟ್ಟದ್ದು, ಗೆರೆ ಎಳೆದದ್ದು, ಮೀರಿದ್ದು: ಲಿಬರ್ಟಿಯ ಸುತ್ತ ಯಾವಾಗಲೂ ಒಂದು ಬೇಲಿ ಇರುತ್ತದೆ.

ಕನ್ನಡದ ಮನೆಗಳಿಗೆ ಬಂದ ಮೇಲೆ ಇವು ಅದಲುಬದಲಾದವು. ಲಿಬರ್ಟಿ ನಮಗೆ ಚಪ್ಪಲಿ ಕಂಪನಿಯಾಗಿ ಪರಿಚಯ, ಫ್ರೀಡಂ ಅಡುಗೆಮನೆಯ ಎಣ್ಣೆ ಪ್ಯಾಕೆಟ್ಟಾಗಿ. ಅದು ಹಾಗಿರಲಿ. “ಮಗಳಿಗೆ ಜಾಸ್ತಿ ಫ್ರೀಡಂ ಕೊಟ್ಟುಬಿಟ್ಟಿದ್ದೀರಿ” ಎಂದು ಅತ್ತೆಯೋ ಚಿಕ್ಕಪ್ಪನೋ ಅನ್ನುವುದನ್ನು ಕೇಳದವರು ಯಾರಿದ್ದಾರೆ? ಅವರು ಹೇಳುತ್ತಿರುವುದು ಅಚ್ಚ ಲಿಬರ್ಟಿಯ ವಿಷಯ. ಎಂಟು ಗಂಟೆಯೊಳಗೆ ಮನೆ ಸೇರಬೇಕು, ಫೋನು ತೆಗೆಯಬೇಕು. ನಾವಿಕನ ರಜೆಗೂ ಇದಕ್ಕೂ ಏನು ವ್ಯತ್ಯಾಸ? ಮಗನಿಗೆ ಫ್ರೀಡಂ ಕೊಟ್ಟೆವು ಎಂದು ಯಾರೂ ಹೇಳುವುದಿಲ್ಲ. ಅವನದು ಕೊಡಬೇಕಾದ ವಸ್ತುವೆಂದು ಮನೆಯಲ್ಲಿ ಯಾರಿಗೂ ಹೊಳೆದಿರುವುದೇ ಇಲ್ಲ.

ಬೇಲಿಯ ಮಾತು ಬರಿಯ ರೂಪಕವಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಲಿಬರ್ಟಿ ಎಂದರೆ ಒಂದು ಪ್ರದೇಶ. ರಾಜನ ಸಾಮಾನ್ಯ ಅಧಿಕಾರದಿಂದ ವಿನಾಯಿತಿ ಪಡೆದು ಒಬ್ಬ ಪಾಳೆಯಗಾರನೋ ಬಿಷಪ್ಪನೋ ಆಳುವ ನೆಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ವಿಂಚೆಸ್ಟರಿನ ಬಿಷಪ್ಪನಿಗೆ ಸೇರಿದ ‘ಲಿಬರ್ಟಿ ಆಫ್ ದಿ ಕ್ಲಿಂಕ್’ ಅಂಥದ್ದು. ನಗರಸಭೆಯ ಕೈ ಅಲ್ಲಿಗೆ ತಲುಪುತ್ತಿರಲಿಲ್ಲ. ಹಾಗಾಗಿ ನಗರದೊಳಗೆ ನಡೆಯದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ಕರಡಿ ಕಾದಾಟ, ಬಿಷಪ್ಪನ ಅನುಮತಿಯಲ್ಲೇ ಸೂಳೆಗೇರಿ, ಮುಂದೆ 1587ರಲ್ಲಿ ರೋಸ್ ನಾಟಕಶಾಲೆ, 1599ರಲ್ಲಿ ಶೇಕ್ಸ್‌ಪಿಯರನ ತಂಡದ ಗ್ಲೋಬ್. ಅದೇ ಲಿಬರ್ಟಿಯಲ್ಲಿ ಬಿಷಪ್ಪನದೊಂದು ಜೈಲೂ ಇತ್ತು, ಅದರ ಹೆಸರು ಕ್ಲಿಂಕ್. 1780ರ ದೊಂಬಿಯಲ್ಲಿ ಅದು ಸುಟ್ಟುಹೋಯಿತು. ಜೈಲು ಸೇರುವುದಕ್ಕೆ ಇಂಗ್ಲಿಷರು ಇಂದಿಗೂ ಆ ಹೆಸರು ಹೇಳುತ್ತಾರೆ. ಲಿಬರ್ಟಿಯ ನಡುವೆ ಸೆರೆಮನೆ ಇದ್ದದ್ದು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಾರದು. ಗೆರೆಯೊಳಗೆ ಬಿಡುವ ಅಧಿಕಾರ ಯಾರದೋ, ಕೂಡಿಹಾಕುವ ಅಧಿಕಾರವೂ ಅವರದೇ.

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಇದರ ಮರುಕಳಿಕೆಯನ್ನು ನೋಡಬಹುದು. ಅಲ್ಲಿದ್ದ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಹಳೆಯ ಆವರಣವನ್ನು ಪಾರ್ಕು ಮಾಡಿ 2008ರಲ್ಲಿ ತೆರೆದರು. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಹಾಗೇ ಉಳಿಸಿಕೊಂಡರು. ಇಟ್ಟ ಹೆಸರು ಫ್ರೀಡಂ ಪಾರ್ಕ್. 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಮಾಡುವವರು ಅನುಮತಿ ಪಡೆದು ಅಲ್ಲಿಗೇ ಹೋಗಬೇಕು. ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಕಬ್ಬಿನ ಬೆಲೆಗಾಗಿ ಬಂದ ರೈತರು, ಎಲ್ಲರೂ ಮೆಜೆಸ್ಟಿಕ್ಕಿನಲ್ಲಿ ಇಳಿದು ಅಲ್ಲಿಗೆ ನಡೆಯುತ್ತಾರೆ. ಪಾರ್ಕಿಗೆ ಲಿಬರ್ಟಿ ಎಂದೇ ಹೆಸರಿಟ್ಟಿದ್ದರೆ ಬಿಷಪ್ಪನ ಕಾಲದ ಅರ್ಥದಲ್ಲಿ ಎಷ್ಟು ಕರಾರುವಾಕ್ಕಾಗಿ ಹೊಂದುತ್ತಿತ್ತು!

ಜೈಲಾಗಿದ್ದಾಗ ಆ ಗೋಡೆಗಳೊಳಗೆ ಇದ್ದವರಲ್ಲಿ ತುರ್ತುಪರಿಸ್ಥಿತಿಯ ಬಂದಿಗಳೂ ಸೇರಿದ್ದಾರೆ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಇಲ್ಲೇ ತಿಂಗಳುಗಟ್ಟಲೆ ಆಸ್ತಮಾದಲ್ಲಿ ನರಳಿದರು. ಪೆರೋಲಿನ ಮೇಲೆ ಹೊರಬಂದು, 1977ರ ಜನವರಿ 20ರಂದು ತೀರಿಕೊಂಡರು. ಹೀಗೆ ಬಂಧಿತರಾದವರು ಕೋರ್ಟಿಗೆ ಹೋಗುವ ಹಾಗಾದರೂ ಇದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇಲ್ಲವೆಂದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ.

ಇದಕ್ಕೆ ದಾರಿ ಎಲ್ಲಿಂದ ತೆರೆಯಿತೆಂದು ಹುಡುಕಿದರೆ ಈ ಎರಡು ನಾಮಪದಗಳೇ ಎದುರಾಗುತ್ತವೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ಎರಡೂ ಇವೆ. ಪೀಠಿಕೆಯಲ್ಲಿರುವುದು ಲಿಬರ್ಟಿ. 19ನೇ ವಿಧಿಯಲ್ಲಿ ಮಾತಾಡುವ, ಸಭೆ ಸೇರುವ, ಸಂಘ ಕಟ್ಟುವ, ಸಂಚರಿಸುವ ಫ್ರೀಡಮ್ಮುಗಳು. 21ನೇ ವಿಧಿಯಲ್ಲಿ ಮತ್ತೆ ಲಿಬರ್ಟಿ. ಆದರೆ ಬರೇ ಲಿಬರ್ಟಿಯಲ್ಲ, ಅದರ ಹಿಂದೆ ‘ಪರ್ಸನಲ್’ ಎಂಬ ವಿಶೇಷಣ. ಮೊದಲು ಅದಿರಲಿಲ್ಲ. ಕರಡು ಸಮಿತಿಯೇ ಸೇರಿಸಿತು, ಕಾರಣವನ್ನೂ ಬರೆದಿಟ್ಟಿತು: ಹಾಗೇ ಬಿಟ್ಟರೆ ಬೇರೆ ವಿಧಿಯಲ್ಲಿ ಆಗಲೇ ಹೇಳಿರುವ ಫ್ರೀಡಮ್ಮುಗಳೂ ಇದರೊಳಗೆ ಬರುತ್ತವೆಂದು ಯಾರಾದರೂ ಅರ್ಥ ಮಾಡಿಯಾರು. ಅಂದರೆ ಲಿಬರ್ಟಿ ದೊಡ್ಡ ಚೀಲ, ಅದರ ಬಾಯಿ ಬಿಗಿಯಬೇಕು ಎಂಬ ಎಚ್ಚರ. ವಕೀಲರಿಗೆ ಸಹಜವಾದ ಎಚ್ಚರವೇ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1950ರಲ್ಲಿ ಮದರಾಸಿನ ಸೆರೆಯಿಂದ ಹೋರಾಡಿದಾಗ ಅದರ ಫಲ ಕಾಣಿಸಿತು. ಬಹುಮತದ ನ್ಯಾಯಮೂರ್ತಿಗಳು 19 ಬೇರೆ, 21 ಬೇರೆ ಎಂದರು. ಮೈಯನ್ನು ಕಟ್ಟಿಹಾಕಿದ್ದು ಕಾನೂನು ಹೇಳಿದ ಕ್ರಮದಲ್ಲಿ ಇದೆಯೇ ಎಂದಷ್ಟೇ ನೋಡಬೇಕು; ಮೈ ಒಳಗಿದ್ದ ಮೇಲೆ ತಿರುಗಾಡುವ ಫ್ರೀಡಂ ಪ್ರಶ್ನೆ ಬರುವುದಿಲ್ಲ. ಫಜಲ್ ಅಲಿ ಒಪ್ಪಲಿಲ್ಲ. ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬ ಅವರ ಮಾತು ನ್ಯಾಯವಾಗಿ ನಿಲ್ಲಲು, ಪಾಸ್‌ಪೋರ್ಟ್ ಸರ್ಕಾರದ ವಶವಾಗಿದ್ದ ಮೇನಕಾ ಗಾಂಧಿಯ ಮೊಕದ್ದಮೆಯಲ್ಲಿ 1978ರ ತೀರ್ಪು ಬರಬೇಕಾಯಿತು. 1976ರ ಆ ತೀರ್ಪನ್ನು ಹೆಸರು ಹೇಳಿ ಅಳಿಸಿಹಾಕಿದ್ದು 2017ರ ಇನ್ನೊಂದು ತೀರ್ಪಿನಲ್ಲಿ. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಂವಿಧಾನವನ್ನು ಕನ್ನಡದಲ್ಲಿ ಓದುವವರಿಗೆ ಈ ಎರಡು ಕಡೆಯೂ ಸಿಗುವುದು ಸ್ವಾತಂತ್ರ್ಯ ಎಂಬ ಒಂದೇ ಪದ. ಇದು ನಮ್ಮ ಭಾಷೆಯ ಬಡತನ ಎಂದು ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಗೋಪಾಲನ್ ಪ್ರಕರಣವನ್ನು ಕನ್ನಡದಲ್ಲಿ ವಾದಿಸಿದ್ದರೆ ಸ್ವಾತಂತ್ರ್ಯ ಬೇರೆ, ಸ್ವಾತಂತ್ರ್ಯ ಬೇರೆ ಎಂದು ವಾದಿಸಬೇಕಾಗುತ್ತಿತ್ತು. ಅದು ಕೇಳುವವರ ಕಿವಿಗೇ ಒಗ್ಗುತ್ತಿರಲಿಲ್ಲ.

ಆದರೆ ಎರಡನ್ನೂ ಒಂದೆಂದು ಬಗೆದರೂ ಕೆಲವರ ಬಾಳು ಅರ್ಥವಾಗುವುದಿಲ್ಲ. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆಯೊಂದು ಕೆಲವು ಬುಡಕಟ್ಟುಗಳನ್ನು ಇಡಿಯಾಗಿ ಹುಟ್ಟು ಅಪರಾಧಿಗಳೆಂದಿತು. ಅವರು ಪೊಲೀಸರ ಮುಂದೆ ಹಾಜರಿ ಹಾಕಬೇಕು, ಚೀಟಿಯಿಲ್ಲದೆ ಊರು ದಾಟಕೂಡದು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಟ್ಟ ಜಾಗವನ್ನು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1947ರ ಆಗಸ್ಟ್ 15 ದೇಶಕ್ಕೆ ಬಂತು, ಆ ಕಾಯ್ದೆ ಹೋಗಲಿಲ್ಲ. ಅದು ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅಷ್ಟರ ನಡುವೆ ಅವರು ಸ್ವತಂತ್ರ ದೇಶದ ಪ್ರಜೆಗಳು, ಮತ ಹಾಕಬಹುದಾದವರು, ಮತ್ತು ಹಾಜರಿ ಹಾಕಬೇಕಾದವರು. ರದ್ದಾದ ಮೇಲೆ ಅವರಿಗೆ ಬಂದ ಹೆಸರು ‘ವಿಮುಕ್ತ’. ಆ ಹೆಸರು ಸರಪಳಿಯನ್ನು ನೆನಪಿಟ್ಟುಕೊಂಡಿದೆ. ಪಿಲಿಯಸ್ ಟೋಪಿಯಂತೆ, ಹಾಕಿಕೊಂಡವನು ನಿನ್ನೆ ಏನಾಗಿದ್ದ ಎಂಬುದನ್ನು ಇಂದೂ ಸಾರುತ್ತದೆ. ಅವರ ಹೊಸ ಪೀಳಿಗೆಯವರಲ್ಲಿ ಕೆಲವರು ಆಗಸ್ಟ್ 31ನ್ನು ಹಬ್ಬ ಮಾಡುತ್ತಾರೆ, ಕೆಲವರು ಈ ಹೆಸರೇ ಸಾಕು ಎನ್ನುತ್ತಾರೆ. ಡೇವಿಸ್ ಮರೆಯಬೇಕೆಂದದ್ದಕ್ಕೂ ಇವರು ಮರೆಯಬೇಕೆನ್ನುವುದಕ್ಕೂ ಅಜಗಜಾಂತರ. ಅವನಿಗೆ ಸಾಕ್ಷ್ಯ ಅಳಿಸಬೇಕಾಗಿತ್ತು. ಇವರಿಗೆ ಬೇಕಾದದ್ದು ಪೊಲೀಸ್ ಠಾಣೆಯ ಮುಂದೆ ತಲೆ ತಗ್ಗಿಸದೆ ನಡೆದು ಹೋಗುವುದು.

ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ಲಿಬರ್ಟಿ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಸಲಾಗದು ಎಂದರು. ಬಂಧುತ್ವವಿಲ್ಲದಿದ್ದರೆ ಉಳಿದೆರಡು ಮೇಲೆ ಬಳಿದ ಬಣ್ಣವಷ್ಟೇ ಎಂದೂ ಹೇಳಿದರು. ಈ ಮೂರನ್ನು ತಾನು ಫ್ರೆಂಚ್ ಕ್ರಾಂತಿಯಿಂದ ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದು 1954ರಲ್ಲಿ ಆಕಾಶವಾಣಿಯಲ್ಲಿ ಸ್ಪಷ್ಟಪಡಿಸಿದರು. ‘ಫ್ರೀ’ ಪದದ ಬೇರಿನಲ್ಲಿ ಪ್ರಿಯರಾದವರು, ಸ್ವಂತದವರು ಇದ್ದಾರೆಂಬುದನ್ನು ನೆನೆದರೆ ಅವರ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. ಸರಪಳಿ ಕಳಚುವುದು ಕಾನೂನಿಗೆ ಸಾಧ್ಯ. ಕಳಚಿದವನನ್ನು ಊರು ತನ್ನವನೆಂದು ಎಣಿಸುವುದು ಬೇರೆಯದೇ ಕೆಲಸ. ಅದು ಆಗದೆ ಫ್ರೀಡಂ ಎಂಬ ಪದ ತನ್ನ ಮೂಲದ ಅರ್ಥಕ್ಕೆ ತಲುಪುವುದಿಲ್ಲ.

ಇದು ಆದರ್ಶದ ಮಾತೆಂದು ತಳ್ಳಿಹಾಕುವವರು ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಒಮ್ಮೆ ಓದಬೇಕು. ವಿಚಿತ್ರವೆಂದರೆ ಅದು ಹುಟ್ಟಿದ್ದೂ ತುರ್ತುಪರಿಸ್ಥಿತಿಯಲ್ಲೇ, 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಕಾಯ್ದೆಯಾಯಿತು. ಬೆಂಗಳೂರಿನ ಜೈಲಿನಲ್ಲಿ ಒಬ್ಬೊಬ್ಬರ ಲಿಬರ್ಟಿ ಕಸಿದ ಸರ್ಕಾರವೇ ಹೊಲಗದ್ದೆಗಳಲ್ಲಿ ಜೀತದವರಿಗೆ ಅದನ್ನು ಬರೆದುಕೊಟ್ಟಿತು. 4ನೇ ಸೆಕ್ಷನ್ ಎಲ್ಲ ಜೀತದಾಳುಗಳನ್ನೂ ಬಿಡಿಸುತ್ತದೆ. 6ನೆಯದು ಅವರ ಸಾಲ ತೀರಿತೆನ್ನುತ್ತದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಬಿಡುಗಡೆಯಾದ ಮರುದಿನ ಗೌಡ ಮೊದಲು ಮಾಡುವುದು ತನ್ನ ಜಾಗದಲ್ಲಿರುವ ಗುಡಿಸಲು ಖಾಲಿ ಮಾಡು ಎನ್ನುವುದು. ಅದಕ್ಕೇ 8ನೇ ಸೆಕ್ಷನ್, ವಾಸದ ಮನೆಯಿಂದ ಅವನನ್ನು ಎಬ್ಬಿಸಕೂಡದು ಎಂದು. ಕಾಯ್ದೆಯಡಿ ರಚನೆಯಾಗುವ ಜಾಗೃತಿ ಸಮಿತಿಗಳಿಗೆ 14ನೇ ಸೆಕ್ಷನ್ ವಹಿಸುವ ಕೆಲಸ ಆರ್ಥಿಕ, ಸಾಮಾಜಿಕ ಪುನರ್ವಸತಿ, ಬ್ಯಾಂಕಿನಿಂದ ಸಾಲ ಸಿಗುವಂತೆ ನೋಡಿಕೊಳ್ಳುವುದು.

ನಾಲ್ಕನೆಯದು ಲಿಬರ್ಟಿಯ ಸೆಕ್ಷನ್. ಎಂಟು, ಹದಿನಾಲ್ಕು ಫ್ರೀಡಮ್ಮಿನವು. ನಾಲ್ಕಕ್ಕೆ ಉಪವಿಭಾಗಾಧಿಕಾರಿಯ ಒಂದು ಸಹಿ, ಒಂದು ಮೊಹರು ಸಾಕು; ಬಿಡುಗಡೆ ಪತ್ರ ಕೈಗೆ ಬರುತ್ತದೆ. ಉಳಿದವಕ್ಕೆ ನಿವೇಶನದ ಹಕ್ಕುಪತ್ರ ಬೇಕು, ಬೇರೆಯವರ ಹೊಲದಲ್ಲಿ ಕೂಲಿ ಸಿಗಬೇಕು, ಮಕ್ಕಳು ಶಾಲೆಗೆ ಹೋದಾಗ ಯಾರೂ ಅವರನ್ನು ಜೀತದವನ ಮಕ್ಕಳು ಎಂದು ಕರೆಯಬಾರದು. ಪತ್ರ ಪಡೆದ ಎಷ್ಟೋ ಜನ ವರ್ಷಾನುಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುವುದು ಈ ಎರಡನೆಯ ಕಂತಿಗಾಗಿ.